ಹದಿನೈದನೇ ಗಾಜು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.20

ಹದಿನೈದನೇ ಗಾಜಿನ ಹತ್ತಿರ ಒರೆಸುವ ಕೆಲಸ ನಿಲ್ಲಿಸಿ ಬಂದಿದ್ದೇನೆ. ಬಕೆಟ್ ನೀರು ಬದಲಿಸುವ ನೆಪ. ಸ್ಟೋರ್ ರೂಮು. ತೊಡೆಯ ಮೇಲೆ ಮಗಳ ಹಳೇ ಲೆಕ್ಕದ ನೋಟ್‌ಬುಕ್ಕು. ಎದೆ ಹೊಡೆದುಕೊಂಡಾಗ ಬರೆದುಹಾಕಿ, ಯಾರಿಗೂ ತೋರಿಸಬೇಕಿಲ್ಲ ಅಂದಿದ್ದರು ಡಾಕ್ಟರಮ್ಮ. ಹೊಡೆದುಕೊಳ್ಳುತ್ತಿದೆ.

ಒಣಬಟ್ಟೆ ಎಳೆದೆ, ನೂಲು ಸಿಕ್ಕಿಕೊಂಡಿತು. ಗಾಜಿಗೆ ನೂಲು ಸಿಕ್ಕುವುದು ಎಲ್ಲಾದರೂ ಉಂಟೆ. ಉಗುರಿನಿಂದ ಕೆರೆದೆ. ಅಂಟಲ್ಲ. ಕೂದಲಲ್ಲ. ಗೇಣುದ್ದದ ಗೆರೆ, ಉಗುರು ತಡೆಯುತ್ತದೆ.

ಕಾಲಡಿಯ ಆ ಗಾಜಿನ ಕೆಳಗೆ ನಲವತ್ತನಾಲ್ಕು ಮಹಡಿ. ಆಮೇಲೆ ರಸ್ತೆ. ಹತ್ತು ಗಂಟೆಗೆ ಜನರನ್ನು ಒಳಗೆ ಬಿಡುತ್ತಾರೆ.

ಮಧ್ಯಾಹ್ನ 1.30

ಮ್ಯಾನೇಜರಿಗೆ ಹೇಳಿದೆ. ಹೇಳಬಾರದಿತ್ತು ಅನ್ನಿಸುತ್ತಿದೆ. ಹೇಳದಿದ್ದರೆ ಇನ್ನೂ ಕೆಟ್ಟದಾಗಿ ಅನ್ನಿಸುತ್ತಿತ್ತು.

ಕುರ್ಚಿಯಿಂದ ಏಳಲೂ ಇಲ್ಲ. "ಬಂತಪ್ಪ ಪುಕ್ಕಲಕ್ಕನ ಸವಾರಿ. ಇವತ್ತೇನು ಬೀಳ್ತಾ ಇದೆ, ಆಕಾಶಾನಾ?" ಆಫೀಸಿನವರೆಲ್ಲ ನಕ್ಕರು.

ಈ ಹೆಸರು ಬಂದದ್ದು ಸೇತುವೆ ತೆರೆದ ಮೊದಲ ವಾರ. ಎರಡು ಗೋಪುರಗಳ ನಡುವೆ ಇಪ್ಪತ್ತನಾಲ್ಕು ಗಾಜಿನ ಹಾದಿ. ಅದರಲ್ಲಿ ಐದು, ಒಂಬತ್ತು, ಇಪ್ಪತ್ತು — ಈ ಮೂರರ ಕೆಳಗೆ ಮಾತ್ರ ಟಿವಿಯಂಥ ಪರದೆ ಇಟ್ಟಿದ್ದಾರೆ. ಕಾಲಿಟ್ಟರೆ ಚಟಚಟ ಸದ್ದು, ಬಿರುಕು ಹರಿದಂತೆ ಚಿತ್ರ. ಜನ ಕಿರುಚಬೇಕು, ಆಮೇಲೆ ನಗಬೇಕು. ಟಿಕೆಟ್ ಮಾರುವುದೇ ಅದಕ್ಕೆ. ನನಗೆ ಯಾರೂ ಹೇಳಿರಲಿಲ್ಲ. ಒರೆಸುವವಳಿಗೆ ಯಾಕೆ ಹೇಳಬೇಕು. ಒಂಬತ್ತರ ಮೇಲೆ ಒಬ್ಬ ಅಜ್ಜ ನಿಂತಿದ್ದರು, ಬಿರುಕು ಕಂಡಿತು. ಅಜ್ಜನ ಅಂಗಿ ಹಿಡಿದು ಎಳೆದು, ಅಪಾಯದ ಗಂಟೆ ಒತ್ತಿಬಿಟ್ಟೆ. ಮುನ್ನೂರು ಜನ ಮೆಟ್ಟಿಲಿಳಿದು ಓಡಿದರು. ಅಜ್ಜನ ಅಂಗಿಯ ಗುಂಡಿ ನನ್ನ ಕೈಯಲ್ಲೇ ಉಳಿಯಿತು. ಅವತ್ತಿನಿಂದ ಲಿಫ್ಟಿನವನಿಗೂ ನಾನು ಪುಕ್ಕಲಕ್ಕ.

"ಸಾರ್, ಹದಿನೈದಕ್ಕೆ ಪರದೆ ಇಲ್ಲ. ಇದು ನಿಜದ್ದು," ಅಂದೆ.

"ಎಷ್ಟನೇ ಕ್ಲಾಸಮ್ಮ ಓದಿರೋದು?"

"ಏಳು."

"ಹಂಗಾದ್ರೆ ಏಳನೇ ಗಾಜಿನವರೆಗೆ ಯೋಚನೆ ಮಾಡು. ಮಿಕ್ಕಿದ್ದು ನಮಗಿರಲಿ."

ಗೂಬೆ. ದುಂಡು ಕನ್ನಡಕದ ಗೂಬೆ. ಇಲ್ಲಿ ಬರೆದರೆ ಯಾರು ಓದುತ್ತಾರೆ. ಗೂಬೆ ಗೂಬೆ.

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ

ಮಗಳ ಶಾಲೆಯಿಂದ ಚೀಟಿ. ಹದಿನೈದನೇ ತಾರೀಕು ಶನಿವಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಗಾಜಿನ ಸೇತುವೆ ತೋರಿಸುತ್ತಾರಂತೆ. ಊರಲ್ಲಿ ನೋಡಲೇಬೇಕಾದ ಹತ್ತು ಹೊಸ ಜಾಗ ಅಂತ ಪಟ್ಟಿ ಮಾಡಿದ್ದಾರಲ್ಲ, ಅದರಲ್ಲಿ ನಮ್ಮದೇ ಮೊದಲನೆಯದು. ಬಸ್ಸಿನ ಬೆನ್ನ ಮೇಲೆಲ್ಲ ಅದೇ ಚಿತ್ರ.

ತಾರೀಕು ಹದಿನೈದು. ಗಾಜು ಹದಿನೈದು. ಹೋಗಬೇಡ ಅಂದೆ.

"ನೀನು ಬೇಡ ಅನ್ನದೇ ಇರೋದು ಯಾವುದಿದೆ ಅಮ್ಮ? ಈಜು ಬೇಡ. ಸೈಕಲ್ ಬೇಡ. ಬಿಸಿನೀರಿನ ಹೀಟರ್ ಬೇಡ." ಜಡೆ ಹೆಣೆದುಕೊಳ್ಳುತ್ತಾ, "ಅವತ್ತು ನೀನು ರಜ ಹಾಕ್ತೀಯಾ?"

ಯಾಕೆ ಅಂತ ಕೇಳಲಿಲ್ಲ. ಗೊತ್ತು. ಅವಳ ಗೆಳತಿಯರ ಮುಂದೆ ಲಿಫ್ಟಿನವನು ಪುಕ್ಕಲಕ್ಕ ಅಂದರೆ...

ಒಳಗಿನಿಂದ ಅತ್ತೆ, "ಹಾಲು ಕಾಯೋಕಿಟ್ರೆ ಉಕ್ಕೋಕೆ ಮುಂಚೆನೇ ಒರೆಸೋ ಬಟ್ಟೆ ಹಿಡ್ಕೊಂಡು ನಿಲ್ಲೋಳು ಇವಳು. ಮಗು ಹೋಗಲಿ ಬಿಡು." ನಮ್ಮ ಯಜಮಾನರು ಪೇಪರಿನ ಹಿಂದೆ ನಕ್ಕರು. ನಕ್ಕದ್ದು ಪೇಪರ್ ಅಲುಗಿದ್ದರಿಂದ ಗೊತ್ತಾಯಿತು.

ಇಪ್ಪತ್ತನಾಲ್ಕು ಗಾಜು ಒರೆಸುತ್ತೇನೆ. ಅತ್ತೆಯ ನಾಲಿಗೆ ಒರೆಸುವ ಬಟ್ಟೆ ಮಾತ್ರ ಇನ್ನೂ ಯಾರೂ ನೇಯ್ದಿಲ್ಲ.

ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ

ಗೆರೆ ಒಂದೂವರೆ ಗೇಣಾಗಿದೆ. ಮೂಲೆಯಲ್ಲಿ ಕವಲು.

ಜನ ಅಲ್ಲಿಗೇ ಬಂದು ನಿಲ್ಲುತ್ತಾರೆ. ಬೇರೆ ಮೂರಕ್ಕಿಂತ ಇದೇ ಚೆನ್ನಾಗಿದೆಯಂತೆ. "ಇದು ನೋಡು, ಎಷ್ಟು ನ್ಯಾಚುರಲ್ಲು." ಒಬ್ಬ ಗಂಡ ಹೆಂಡತಿಯನ್ನು ಅದರ ಮೇಲೆ ಕುಪ್ಪಳಿಸು ಅಂತ ಹೇಳಿ ಫೋಟೋ ತೆಗೆದ. ಕುಪ್ಪಳಿಸಿದಳು. ಎರಡು ಸಲ. ಮೊದಲನೆಯದು ಸರಿಯಾಗಿ ಬರಲಿಲ್ಲವಂತೆ.

ನನ್ನ ಕೈಯಲ್ಲಿ ಇರುವುದು ಒಂದೇ ಅಧಿಕಾರ — ಹಳದಿ ಬೋರ್ಡು. 'ನೆಲ ಒದ್ದೆಯಾಗಿದೆ.' ಮಗ್ಗಿನಲ್ಲಿ ನೀರು ಚೆಲ್ಲಿ ಬೋರ್ಡು ಇಟ್ಟೆ. ಜನ ಸುತ್ತಿ ಹೋದರು. ನಿಜದ ಬಿರುಕಿಗೆ ಹೆದರದವರು ಒದ್ದೆ ನೆಲಕ್ಕೆ ಹೆದರುತ್ತಾರೆ. ಅರ್ಧ ಗಂಟೆಗೊಮ್ಮೆ ಚೆಲ್ಲುತ್ತಿದ್ದೇನೆ. ನನ್ನ ಕೆಲಸಕ್ಕೆ ನನಗೇ ನಗು ಬರಬೇಕು. ಬರುತ್ತಿಲ್ಲ. ಬೈಗುಳ ಬರುತ್ತಿದೆ.

ಮಾರ್ಚ್ 8, ಶನಿವಾರ

ಗೂಬೆ ಕರೆಸಿ, ಸಮಾಧಾನ ಹೇಳುವವರ ಹಾಗೆ ಹೇಳಿದರು. ಒಂದೊಂದು ಗಾಜೂ ಮೂರು ಗಾಜು ಅಂಟಿಸಿ ಮಾಡಿದ್ದಂತೆ. ಮೇಲಿನದು ಒಡೆದರೂ ನಡುವಿನದು, ಕೆಳಗಿನದು ಹೊರುತ್ತವೆ. ಎಂಜಿನಿಯರ್ ಲೆಕ್ಕ. "ಆನೆ ನಡೆಸಬಹುದು. ಇನ್ಮೇಲೆ ನೀರು ಚೆಲ್ಲಿದ್ರೆ ಸುಮ್ನಿರಲ್ಲ."

ಇದನ್ನು ಮೊದಲೇ ಹೇಳಬಹುದಿತ್ತಲ್ಲ. ಇವತ್ತು ಅನ್ನ ಗಂಟಲಲ್ಲಿ ಇಳಿಯಿತು.

ಮಾರ್ಚ್ 12, ಬುಧವಾರ. ಬೆಳಿಗ್ಗೆ 11.30

ನಿಧಾನವಾಗಿ ಬರೆಯಬೇಕು.

ಗಾಜಿನ ಕೆಳಮೈ ಒರೆಸುವವನು ಬುಧವಾರ ಬರುತ್ತಾನೆ. ಹಗ್ಗದಲ್ಲಿ ನೇತಾಡಿಕೊಂಡು ಕೆಲಸ. ಎಲ್ಲರೂ ಜೇಡ ಅಂತಾರೆ. ನನ್ನನ್ನು ಅಕ್ಕಾ ಅಂತಾನೆ, ಪುಕ್ಕಲು ಸೇರಿಸುವುದಿಲ್ಲ. ನಾನು ಮೇಲೆ, ಅವನು ಕೆಳಗೆ, ನಡುವೆ ಗಾಜು. ಮಾತು ಕೇಳುವುದಿಲ್ಲ, ಮುಖ ಕಾಣುತ್ತದೆ.

ಹದಿನೈದರ ಮೇಲೆ ಸೋಪಿನ ನೊರೆ ಹಚ್ಚಿ, ಗೆರೆಯ ಗುಂಟ ಬೆರಳಾಡಿಸಿದೆ. ಅವನು ನೋಡಿದ. ಕೆಳಗಿನಿಂದ ಅವನೂ ನೊರೆ ಹಚ್ಚಿ ಕೈಯಾಡಿಸಿದ. ಏನೂ ಸಿಕ್ಕುವುದಿಲ್ಲ ಅಂದುಕೊಂಡಿದ್ದೆ. ಮೇಲಿನ ಬಿರುಕು ಕೆಳಗಿನ ಬೆರಳಿಗೆ ಹೇಗೆ ಸಿಗುತ್ತದೆ.

ಅವನ ಬೆರಳು ನಿಂತಿತು. ಹಿಂದೆ ಹೋಗಿ ಮತ್ತೆ ಬಂತು. ಆಮೇಲೆ ಎಳೆದ — ನನ್ನ ಗೆರೆಯ ಮೇಲಲ್ಲ, ಅಡ್ಡಡ್ಡ. ನನ್ನದು ಎಡಕ್ಕೆ, ಅವನದು ಬಲಕ್ಕೆ. ನೊರೆಯಲ್ಲಿ ಎರಡೂ ಸೇರಿ ಕತ್ತರಿ.

ಮೇಲಿನದು ಒಡೆದಿದೆ. ಕೆಳಗಿನದು ಬೇರೆಯೇ ಒಡೆದಿದೆ. ಉಳಿದದ್ದು ನಡುವಿನದು ಒಂದು.

ಟೀ ಹೊತ್ತಿಗೆ ಹಿಡಿದು ಕೇಳಿದೆ, ನನ್ನ ಜೊತೆ ಬಾ, ಆಫೀಸಿನಲ್ಲಿ ಹೇಳು ಅಂತ. ಲೋಟ ಕೆಳಗಿಟ್ಟ.

"ಅಕ್ಕಾ, ನಾನು ಏನೂ ನೋಡಿಲ್ಲ."

"ನೋಡಿದೆಯಲ್ಲೋ, ನಿನ್ನ ಕೈಯಾರೆ ಎಳೆದೆಯಲ್ಲ."

"ನನ್ನ ಹಗ್ಗ ಕಟ್ಟೋನು ಮ್ಯಾನೇಜರ್ ಕಡೆಯವನು ಅಕ್ಕಾ." ನಗಲು ನೋಡಿದ. ಆಗಲಿಲ್ಲ.

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ನನಗೂ ಆಗಲಿಲ್ಲ. ಅದಕ್ಕೂ ಸಿಟ್ಟು.

ಮಾರ್ಚ್ 13, ಗುರುವಾರ

ಒಬ್ಬಳೇ ಹೋದೆ. ಎರಡು ಒಡೆದಿವೆ ಸಾರ್ ಅಂದೆ. ಜೇಡನ ಹೆಸರು ಹೇಳಲಿಲ್ಲ.

ಈ ಸಲ ನಗಲಿಲ್ಲ ಅವರು. ಎದ್ದು ಬಾಗಿಲು ಹಾಕಿದರು. ಆಗ ನನಗೆ ಹೊಳೆಯಿತು. ಇವರಿಗೆ ಗೊತ್ತು. ಮೊದಲಿಂದ ಗೊತ್ತೋ ನಡುವೆ ಗೊತ್ತಾಯಿತೋ... ಗೊತ್ತು.

"ನೋಡಮ್ಮ. ಇಪ್ಪತ್ತಕ್ಕೆ ನದಿ ಆಚೆ ಜೈಂಟ್ ವೀಲ್ ಶುರು ಆಗುತ್ತೆ. ಅಲ್ಲಿವರೆಗೆ ನಾವೇ ನಂಬರ್ ಒನ್. ಇವತ್ತು ಮುಚ್ಚಿದ್ರೆ ಜನ ಮತ್ತೆ ಈ ಕಡೆ ತಲೆ ಹಾಕಲ್ಲ. ಇಪ್ಪತ್ತೊಂದಕ್ಕೆ ಬದಲಾಯಿಸ್ತೀವಿ. ಅಲ್ಲಿವರೆಗೆ ಬಾಯಿಗೂ ಸ್ವಲ್ಪ ಬೀಗ."

"ಅಲ್ಲಿವರೆಗೆ ಯಾರಾದ್ರೂ..."

"ಆಗಲ್ಲ."

ಎಷ್ಟು ಸಲೀಸಾಗಿ ಅಂದರು. ನಾಳೆಯಿಂದ ನನಗೆ ಟಾಯ್ಲೆಟ್ ಡ್ಯೂಟಿ. ಹಳದಿ ಬೋರ್ಡು ಕಿತ್ತುಕೊಂಡರು.

ಮಗಳಿಗೆ ಜ್ವರ ಅಂತ ಚೀಟಿ ಬರೆದು ಶನಿವಾರ ಮನೆಯಲ್ಲೇ ಕೂರಿಸಬಹುದು. ಮನೆಗೆ ಬರುವಾಗ ಬಸ್ಸಿನಲ್ಲಿ ಅದೇ ಯೋಚಿಸಿದೆ, ಚೀಟಿಯ ಮಾತೂ ಕೂಡಿಸಿಟ್ಟುಕೊಂಡೆ. ಆಮೇಲೆ ಲೆಕ್ಕ ಬಂತು. ಅವಳ ಕ್ಲಾಸಿನಲ್ಲಿ ಮೂವತ್ತೊಂಬತ್ತು. ನನ್ನದೊಂದನ್ನು ಕಳೆದರೆ ಮೂವತ್ತೆಂಟು. ಆ ಮೂವತ್ತೆಂಟರ ಅಮ್ಮಂದಿರಿಗೆ ಯಾರು ಹೇಳುತ್ತಾರೆ. ನನಗೆ ಗೊತ್ತಿದ್ದೂ...

ಚೀಟಿ ಬರೆಯಲಿಲ್ಲ.

ಮಾರ್ಚ್ 15, ಶನಿವಾರ. ಮಧ್ಯಾಹ್ನ 12.45

ಸೆಕ್ಯುರಿಟಿ ರೂಮಿನಲ್ಲಿ ಕೂರಿಸಿದ್ದಾರೆ. ಪೊಲೀಸರನ್ನು ಕರೆಯುತ್ತೇವೆ ಅಂದರು, ಇನ್ನೂ ಕರೆದಿಲ್ಲ. ನೋಟ್‌ಬುಕ್ ಸೊಂಟದಲ್ಲೇ ಇತ್ತು.

ಹನ್ನೊಂದಕ್ಕೆ ಟಾಯ್ಲೆಟ್ಟಿನ ಬಕೆಟ್ ತುಂಬಿಸಿಕೊಂಡು ನೇರ ಸೇತುವೆಗೆ ನಡೆದೆ. ಯಾರೂ ತಡೆಯಲಿಲ್ಲ. ಬಕೆಟ್ ಹಿಡಿದವಳನ್ನು ಯಾರೂ ನೋಡುವುದಿಲ್ಲ. ಹದಿನೈದರ ಮೇಲೆ ಪೂರ್ತಿ ಸುರಿದೆ. ಪಕ್ಕದ ಕಬ್ಬಿಣದ ತೊಲೆಯ ಮೇಲೆ, ಹಾದಿಗೆ ಅಡ್ಡವಾಗಿ ಕೂತುಬಿಟ್ಟೆ.

ಗೂಬೆ ಓಡಿಬಂದರು. ಅಷ್ಟರಲ್ಲಿ ಮಕ್ಕಳ ಸಾಲು ಬಂದಿತ್ತು. ಕಾಲಿಗೆ ಬಟ್ಟೆಯ ಚೀಲ ಕಟ್ಟಿಕೊಂಡು ಮೂವತ್ತೊಂಬತ್ತು ಮಕ್ಕಳು, ಮುಂದೆ ಟೀಚರ್. ಆರನೆಯವಳು ನನ್ನ ಮಗಳು. ನನ್ನ ಕಡೆ ನೋಡಿ ತಲೆ ತಗ್ಗಿಸಿದಳು.

"ಏಳು."

"ಏಳಲ್ಲ ಸಾರ್. ಇದು ಒಡೆದಿದೆ."

ಜನ ಫೋನ್ ಎತ್ತಿದರು. ಗೂಬೆ ಅವರ ಕಡೆ ತಿರುಗಿ, ಬಾಯಿ ತುಂಬ ನಕ್ಕು, "ಹೆದರಬೇಡಿ, ಇವರು ನಮ್ಮ ಶೋನಲ್ಲಿ ಪಾರ್ಟ್ ಮಾಡೋರು," ಅಂದರು.

ಚಪ್ಪಾಳೆ ತಟ್ಟಿದರು. ನನಗೆ. ಒಬ್ಬರು ಸೂಪರ್ ಅಂದರು.

ನನ್ನ ಜನ್ಮದಲ್ಲಿ ಅಷ್ಟು ಸಿಟ್ಟು ಬಂದಿರಲಿಲ್ಲ. ಕೂಗಲಿಲ್ಲ. ಕೂಗಿದ್ದರೆ ಅದೂ ಶೋ ಆಗುತ್ತಿತ್ತು.

"ಹಾಗಾದ್ರೆ ನೀವು ನಿಲ್ಲಿ ಸಾರ್," ಅಂದೆ. "ಕುಣಿಯೋದು ಬೇಡ. ಆನೆ ಬೇಡ. ನೀವೊಬ್ರು ಸುಮ್ನೆ ನಿಲ್ಲಿ. ಮಕ್ಕಳು ಆಮೇಲೆ ಬರ್ತಾರೆ." ತೊಲೆಯ ಮೇಲಿಂದ ಸರಿದು ಜಾಗ ಕೊಟ್ಟೆ.

ಎಲ್ಲರೂ ಅವರನ್ನೇ ನೋಡಿದರು. ನಗುತ್ತಲೇ ಕಾಲೆತ್ತಿದರು. ಪಾಲಿಶ್ ಹಾಕಿದ ಬೂಟು. ಎತ್ತಿದ ಕಾಲು ಗಾಜಿನ ಮೇಲೆ ಬಂತು... ಅಲ್ಲೇ ಇತ್ತು... ವಾಪಸ್ ಹೋಗಿ ಕಬ್ಬಿಣದ ಮೇಲೆ ಇಳಿಯಿತು.

"ಒದ್ದೆ ಇದೆ," ಅಂದರು.

ಸಾಲಿನಿಂದ ಒಂದು ಸಣ್ಣ ದನಿ. "ಒರೆಸಿ ಕೊಡ್ತಾರೆ ಸಾರ್. ನಮ್ಮಮ್ಮ ಚೆನ್ನಾಗಿ ಒರೆಸ್ತಾರೆ."

ಒರೆಸಿದೆ. ತೊಲೆಯ ಮೇಲಿಂದಲೇ ಬಾಗಿ, ಫಳಫಳ ಒರೆಸಿದೆ. ಬಟ್ಟೆಯ ನೂಲು ಎರಡು ಕಡೆ ಸಿಕ್ಕಿ ಹರಿಯಿತು. ಟೀಚರ್ ಅದನ್ನು ನೋಡಿದರು. ಗೂಬೆಯ ಬೂಟು ನೋಡಿದರು. ಮಕ್ಕಳನ್ನು ಹಿಂದಕ್ಕೆ ತಿರುಗಿಸಿದರು. ಹಿಂದೆ ನಿಂತಿದ್ದವರೂ ತಿರುಗಿದರು.

ಮಾರ್ಚ್ 17, ಸೋಮವಾರ. ಸಂಜೆ

ಸೇತುವೆ ಮುಚ್ಚಿದ್ದಾರೆ. ಟೀಚರ್ ದೂರು ಕೊಟ್ಟಿದ್ದಾರಂತೆ. ನಾಳೆ ಹನ್ನೊಂದಕ್ಕೆ ಸರ್ಕಾರದ ಇನ್ಸ್‌ಪೆಕ್ಟರ್ ಬರುತ್ತಾರೆ.

ಆಫೀಸಿನಿಂದ ಕಾಗದ ಕೊಟ್ಟು ಕಳಿಸಿದ್ದಾರೆ. ಸಹಿ ಹಾಕಿಕೊಂಡು ಬಾ ಅಂತ. ಇಂಗ್ಲಿಷು. ಮಗಳು ಓದಿ ಹೇಳಿದಳು. "ಹದಿನೈದನೇ ತಾರೀಕು ನಾನು ಅನುಮತಿ ಇಲ್ಲದೆ ಒಳಗೆ ಬಂದು ಕಬ್ಬಿಣದ ಬಕೆಟ್ ಬೀಳಿಸಿದ್ದರಿಂದ ಗಾಜು ಒಡೆಯಿತು."

ಹನ್ನೆರಡು ದಿನ ಅವರ ಪಾಲಿಗೆ ಬಿರುಕೇ ಇರಲಿಲ್ಲ. ಈಗ ಇದೆ. ಆದರೆ ನನ್ನದು.

"ಬಕೆಟ್ಟು ಪ್ಲಾಸ್ಟಿಕ್ಕು," ಅಂದೆ. ಅತ್ತೆ ಕಾಗದ ಕಿತ್ತುಕೊಂಡು, ಓದಲು ಬಾರದಿದ್ದರೂ ತಿರುಗಿಸಿ ಮುರುಗಿಸಿ ನೋಡಿ, "ಇವಳು ಹೆದರ್ತಾಳೆ ನಿಜ. ಕೈಯಿಂದ ಒಂದು ಲೋಟ ಬೀಳಿಸಿದ್ದು ನಾನು ಕಂಡಿಲ್ಲ," ಅಂದರು.

ಇಷ್ಟು ವರ್ಷದಲ್ಲಿ ಅತ್ತೆಯ ಬಾಯಿಂದ ಬಂದ ಮೊದಲನೇ ಹೊಗಳಿಕೆ. ಅದೂ ಇವತ್ತು ಬರಬೇಕೇ.

ಮಗಳು ಕೇಳಿದಳು. "ನಿನಗೆ ಮೊದಲು ಕಂಡಿದ್ದು ಯಾವತ್ತಮ್ಮ?"

"ಮೂರನೇ ತಾರೀಕು. ಒಂಬತ್ತೂ ಇಪ್ಪತ್ತಕ್ಕೆ."

"ಒಂಬತ್ತೂ ಇಪ್ಪತ್ತು ಅಂತ ಹೆಂಗೆ ಗೊತ್ತು?"

ನನ್ನ ಕೈ ಸೊಂಟಕ್ಕೆ ಹೋಯಿತು. ಅವಳು ನನ್ನ ಸೊಂಟ ನೋಡಿದಳು. ಅವಳದೇ ನೋಟ್‌ಬುಕ್ಕು, ರಟ್ಟು ಗುರುತು ಸಿಗದೆ ಇರುತ್ತದೆಯೇ.

ಮಾರ್ಚ್ 18, ಮಂಗಳವಾರ. ಬೆಳಿಗ್ಗೆ 10.50

ಆಫೀಸಿನ ಹೊರಗೆ ಬೆಂಚು. ಕಾಗದಕ್ಕೆ ಸಹಿ ಹಾಕಿಲ್ಲ.

ಜೇಡ ಎದುರಿಗೆ ಬಂದ, ಕಣ್ಣು ತಪ್ಪಿಸಿ ಹೋದ. ಮತ್ತೆ ವಾಪಸ್ ಬಂದ. ಬೆಂಚಿನ ಆ ತುದಿಯಲ್ಲಿ ಕೂತಿದ್ದಾನೆ. ಎದ್ದು ಹೋಗಿಲ್ಲ.

ಈ ಪುಸ್ತಕ ಯಾರಿಗೂ ತೋರಿಸಬೇಕಿಲ್ಲ ಅಂದಿದ್ದರಲ್ಲ ಡಾಕ್ಟರಮ್ಮ. ಇದರಲ್ಲಿ ಅತ್ತೆಯ ನಾಲಿಗೆ ಇದೆ. ಗೂಬೆ ಗೂಬೆ ಅಂತ ಎಷ್ಟು ಕಡೆ ಇದೆಯೋ. ಇನ್ಸ್‌ಪೆಕ್ಟರ್ ಗಟ್ಟಿಯಾಗಿ ಓದಿದರೆ? ಆ ಪುಟ ಹರಿಯಲೇ? ಹರಿದರೆ ಯಾಕೆ ಹರಿದೆ ಅಂತಾರೆ. ಜೇಡ ಗೆರೆ ಎಳೆದದ್ದೂ ಇದೆ, ಅವನ ಹಗ್ಗ... ಅವನ ಮುಂದೆ ಆ ಪುಟ ತೆಗೆದು ಹಿಡಿದೆ. ಓದಿದ. ನಿಧಾನಕ್ಕೆ ಓದಿದ. "ಇರಲಿ ಅಕ್ಕಾ," ಅಂದ.

ಹರಿಯುವುದಿಲ್ಲ. ಗೂಬೆಯನ್ನು ಗೂಬೆ ಅಂದಿದ್ದೇನೆ, ಓದಿಕೊಳ್ಳಲಿ.

ಕರೆದರು. ಒಳಗೆ ನಿಂತುಕೊಂಡೇ ಬರೆಯುತ್ತಿದ್ದೇನೆ. ಇನ್ಸ್‌ಪೆಕ್ಟರ್ ಹೆಂಗಸು. ಪುಸ್ತಕಕ್ಕೆ ಕೈ ಚಾಚಿದ್ದಾರೆ. ಒಂದು ಸಾಲು ಇದೆ, ಬರೆದು ಕೊಡ್ತೀನಿ ಮೇಡಂ ಅಂದೆ. ಹದಿನೈದನೇ ಗಾಜಿನಲ್ಲಿ ನೂಲು ಸಿಕ್ಕಿದ್ದು ಮಾರ್ಚ್ 3, ಸೋಮವಾರ, ಬೆಳಿಗ್ಗೆ 9.20.