ಗಂಟೆಗೋಪುರದ ಮೆಟ್ಟಿಲ ದೀಪ

ಗುರುವಾರ, ಊಟದ ಬಿಡುವು

ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ತಿಕ್ಕುವುದನ್ನು ಬಿಟ್ಟಿರುತ್ತೀ, ಗೊತ್ತು.

ಈಗ ಎಲ್ಲಿ ಕೆಲಸ ಎಂದು ನೀನು ಎರಡು ಸಲ ಕೇಳಿದೆ, ನಾನು ಮಾತು ತೇಲಿಸಿದೆ. ನಮ್ಮ ಹಳೆಯ ಕೆಥೆಡ್ರಲ್‌ನಲ್ಲಿ ಅಮ್ಮಾ. ಒಳಗಿನ ದೀಪಗಳನ್ನೆಲ್ಲ ಬದಲಿಸುವ ಹೊಣೆ ನನ್ನದು. ಮಸಿ ಹಿಡಿದ ತೂಗುದೀಪಗಳನ್ನು ಇಳಿಸಿ, ಕಂಬಗಳ ಹಿಂದೆ ಕಣ್ಣಿಗೆ ಕಾಣದಂತೆ ಎಲ್‌ಇಡಿ ಕೂರಿಸಿದ್ದೇವೆ. ಚಾವಣಿಯ ತುಂಬ ನಕ್ಷತ್ರಗಳ ಚಿತ್ರವಿದೆಯೆಂದು ಪಾದ್ರಿಗಳಿಗೂ ಗೊತ್ತಿರಲಿಲ್ಲ.

ಗಂಟೆಗೋಪುರದ ಸುರುಳಿ ಮೆಟ್ಟಿಲನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅಕ್ಕ ಬಿದ್ದು ತೀರಿಕೊಂಡದ್ದು ಅಲ್ಲೇ, ಹದಿನೇಳನೆಯ ಮೆಟ್ಟಿಲಿನಿಂದ. ಅಲ್ಲಿ ಕಲ್ಲು ಸವೆದಿದೆ. ಆ ಮೆಟ್ಟಿಲುಗಳಿಗೆ ಸ್ವಿಚ್ಚೇ ಇಟ್ಟಿಲ್ಲ. ಯಾರಾದರೂ ಕಾಲಿಟ್ಟರೆ ದೀಪ ತಾನೇ ಹೊತ್ತುತ್ತದೆ. ಸೋಮವಾರದಿಂದ ಯಾರೂ ಇಲ್ಲದಾಗಲೂ ಹೊತ್ತುತ್ತಿದೆ. ಕೆಳಗಿನದು, ಅದರ ಮೇಲಿನದು, ಹೀಗೆ ಒಂದೊಂದಾಗಿ, ಹತ್ತು ವರ್ಷದ ಹುಡುಗಿ ಓಡಿ ಹತ್ತುವಷ್ಟು ಬೇಗ. ಹದಿನೇಳರ ಬಳಿ ನಿಲ್ಲುತ್ತದೆ. ಸೆನ್ಸರ್ ಮೂರು ಸಲ ಬದಲಿಸಿದೆ. ಇಲಿ ಇರಬೇಕೆಂದು ಜೊತೆಯವರು ನಗುತ್ತಾರೆ. ನಾನೂ ನಗುತ್ತೇನೆ.

ನಿನ್ನೆ ಮಾವ ಬಂದಿದ್ದ. ನಿನ್ನ ತಮ್ಮನೇ. ಅಕ್ಕ ಹೋದ ಮೇಲೆ, ಕೆಟ್ಟ ಬಲ್ಬು ಬದಲಿಸಿರಲಿಲ್ಲವೆಂದು ಇಲ್ಲಿನ ಕಾವಲು ಕೆಲಸದಿಂದ ಅವನನ್ನು ತೆಗೆದರು, ನೀನು ಮನೆಯ ಬಾಗಿಲು ಮುಚ್ಚಿದೆ. ಮೂವತ್ತೊಂದು ವರ್ಷವಾಯಿತು. ಮೆಟ್ಟಿಲ ಬುಡದಲ್ಲಿ ಗೋಡೆ ಹಿಡಿದು ನಿಂತಿದ್ದ. "ಅವತ್ತು ಬೆಳಿಗ್ಗೆ ತಾನೇ ಹೊಸ ಬಲ್ಬು ಹಾಕಿದ್ದೆ ಕಣಮ್ಮ. ನಿಮ್ಮಮ್ಮ ಒಂದು ಸಲ ಕೇಳಿದ್ರೆ ಸಾಕಿತ್ತು" ಎಂದ. ಟೀ ಕುಡೀತೀಯಾ ಮಾವ ಎಂದೆ.

ಭಾನುವಾರ ಬೆಳಿಗ್ಗೆ ಎಲ್ಲ ದೀಪಗಳನ್ನೂ ಮೊದಲ ಸಲ ಒಟ್ಟಿಗೆ ಹಾಕುತ್ತೇವೆ. ಮಾವನನ್ನು ಕರೆದಿದ್ದೇನೆ. ನೀನೂ ಬಾ. ಅವನ ಪಕ್ಕದಲ್ಲಿ ಕೂರು, ಮಾತಾಡದಿದ್ದರೂ ಪರವಾಗಿಲ್ಲ.

ನಿನ್ನ
ಕಿರಿಮಗಳು

ಮತ್ತೆ: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ. ಹೊರಗೆ ತೆಗೆದೆ. ಬಲ್ಬು ಕೆಟ್ಟಿರಲಿಲ್ಲ ಅಮ್ಮಾ. ಅಕ್ಕನನ್ನು ಹೆದರಿಸಲು ಕೆಳಗೆ ನಿಂತು ಸ್ವಿಚ್ ಆರಿಸಿದವಳು ನಾನು. ನನಗಾಗ ಎಂಟು ವರ್ಷ. ಹಾಕೇ, ಹಾಕೇ ಎಂದು ಅವಳು ಎರಡು ಸಲ ಕೂಗಿದಳು. ನಾನು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ದೀಪ ಕೆಟ್ಟಿತ್ತೆಂದು ನಿಮಗೆಲ್ಲ ಹೇಳಿದವಳೂ ನಾನೇ. ಭಾನುವಾರ ನೀನು ಬಂದರೆ ನಿನ್ನೆದುರಿಗೇ ಮಾವನಿಗೆ ಹೇಳುತ್ತೇನೆ. ಬರದಿದ್ದರೂ ಹೇಳುತ್ತೇನೆ.