ಅವರ ಕುರ್ಚಿಗೂ ಒಂದೂವರೆ ಅಡಿ

ಅತ್ತೆ,

ನಾನು ಸ್ಕೂಲಿಗೆ ಹೊರಟೆ. ರೊಟ್ಟಿ, ಹುಚ್ಚೆಳ್ಳು ಚಟ್ನಿ ಡಬ್ಬಿಯಲ್ಲಿದೆ. ಬರುವಾಗ ಅಗ್ರಹಾರದ ಅಂಗಡಿಯಿಂದ ನಿಮ್ಮ ವಿಭೂತಿ ತರುತ್ತೇನೆ.

ಮಂಡಿಗೆ ಕೆಂಪು ದೀಪದ ಶಾಖ ತಗೊಳ್ಳೋದು ಮರೆಯಬೇಡಿ. ದೀಪ ಒಂದೂವರೆ ಅಡಿ ದೂರ ಇರಲಿ, ಒಂದೊಂದು ಮಂಡಿಗೆ ಹತ್ತೇ ನಿಮಿಷ. ಎಣ್ಣೆ ಹಚ್ಚಿಕೊಂಡು ಕೂರಬೇಡಿ, ಸುಟ್ಟೀತು ಅಂತ ಎಷ್ಟು ಸಲ ಹೇಳಲಿ?

ನಿಮ್ಮದಾದ ಮೇಲೆ ದೀಪ ಆರಿಸಿಬಿಡಿ. ಮಾವನವರ ಖಾಲಿ ಕುರ್ಚಿಯ ಕಡೆ ತಿರುಗಿಸಿ ಇಡಬೇಡಿ. ಅವರಿಗೆಂದೇ ತಂದ ದೀಪ, ನಿಜ. ಆದರೆ ಅವರು ಹೋಗಿ ಏಳು ತಿಂಗಳಾಯಿತು. ನಿನ್ನೆ ಕೇಳಿದ್ದಕ್ಕೆ ನೀವು, "ಬಗ್ಗದೆ ಇದ್ದ ಮಂಡೀನ ಮಡಿಸಿ ಸಮಾಧೀಲಿ ಕೂರಿಸ್ಬುಟ್ರು ಕಣಮ್ಮ, ಇನ್ನೂ ನೋಯ್ತಿರ್ತದೆ" ಅಂದಿರಿ. ನಾನು ಸಿಡುಕಿ ಎದ್ದು ಹೋದೆ.

ಸಿಡುಕಬಾರದಿತ್ತು. ಅವತ್ತು ಅವರನ್ನು ಕೂರಿಸುವಾಗ ಮಂಡಿ ಲಟಕ್ಕೆಂದ ಸದ್ದು ನನಗೂ ಕೇಳಿಸಿತ್ತು. ಈಗಲೂ ಕ್ಲಾಸಿನಲ್ಲಿ ಮಕ್ಕಳು ಚಕ್ಕಳಮಕ್ಕಳ ಹಾಕಿ ಕೂತರೆ ಅದೇ ಸದ್ದು ಕೇಳುತ್ತೆ.

ದೀಪ ತಿರುಗಿಸಲೇಬೇಕು ಅನ್ನಿಸಿದರೆ ಕುರ್ಚಿಯಿಂದಲೂ ಒಂದೂವರೆ ಅಡಿ ದೂರ ಇಡಿ. ಮಾವನವರಿಗೆ ಬೇಗ ಸುಡುತ್ತಿತ್ತು.

ಮಂಗಳ