ಫ್ಲೆಕ್ಸಿನ ಬೆನ್ನ ಮೇಲಿನ ಮೂವತ್ತು ಹೆಸರು

ಹಿನಾಯಗನ್ ದ್ವೀಪ, ಫಿಲಿಪ್ಪೀನ್ಸ್
ಶನಿವಾರ, ಜೂನ್ 4, 2016

ನನ್ನ ಪೆರ್ಲಿತಾ,

ಹೇಗಿದ್ದೀಯ? ಮಣಿಕಟ್ಟಿನ ನೋವು ಇಳಿಯಿತಾ? ನೀನು ನೋಡಿಕೊಳ್ಳುವ ಆ ಅಜ್ಜಿಯನ್ನು ಎತ್ತಿ ಕೂರಿಸುವಾಗ ಒಂದೇ ಕೈ ಕೊಡಬೇಡ ಅಂತ ಬಡಕೊಂಡೆ, ನೀನು ಕೇಳಿದರೆ ತಾನೆ! ಹಾಂಗ್‌ಕಾಂಗ್‌ನಲ್ಲಿ ಈಗ ಸೆಕೆಯಂತೆ, ನೀರು ಕುಡೀತಾ ಇರು. ಇಲ್ಲಿ ನಾವೆಲ್ಲ ಗಟ್ಟಿಯಾಗಿದ್ದೇವೆ. ನಿಮ್ಮಮ್ಮ ಈಗಲೂ ಸಿಗರೇಟಿನ ಉರಿಯುವ ತುದಿಯನ್ನು ಬಾಯೊಳಗಿಟ್ಟುಕೊಂಡೇ ನನ್ನನ್ನು ಬೈಯುತ್ತಾರೆ, ಅಂದಮೇಲೆ ಆರೋಗ್ಯದ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ನಿನ್ನ ಮಗಳು ಜೊವಿಲಿನ್ ನಿನಗಿಂತ ಎರಡು ಬೆರಳು ಎತ್ತರ ಆಗಿದ್ದಾಳೆ. ನಂಬದಿದ್ದರೆ ಬಂದು ನೋಡು.

ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಅಂತ ಕೇಳುತ್ತೀಯ. ಫೋನಿನಲ್ಲಾದರೆ ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ನೀನು ನಡುವೆ ನಾಲ್ಕು ಮಾತು ಹಾಕುತ್ತೀಯ, ಅಷ್ಟರಲ್ಲಿ ಸಿಗ್ನಲ್ ಹೋಗುತ್ತೆ. ಈ ಸುದ್ದಿ ಹಾಗೆ ತುಂಡು ತುಂಡಾಗಿ ಹೇಳುವಂಥದ್ದಲ್ಲ ಮಾರಾಯ್ತಿ! ಪಕ್ಕದ ಮನೆ ಕೊಂಚಾ ರಜೆ ಮುಗಿಸಿ ಇವತ್ತು ಹಾಂಗ್‌ಕಾಂಗ್‌ಗೆ ಹೊರಟಿದ್ದಾಳೆ, ಒಣಮೀನಿನ ಪೊಟ್ಟಣದ ಜೊತೆ ಇದನ್ನೂ ನಿನ್ನ ಕೈಗೇ ಕೊಡುತ್ತಾಳೆ. ಒಂದೇ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬರುವ ವಾರ ಇನ್ನೆರಡು ವರ್ಷದ ಒಪ್ಪಂದಕ್ಕೆ ಸಹಿ ಹಾಕುತ್ತೇನೆ ಅಂದಿದ್ದೆಯಲ್ಲ, ಈ ಕಾಗದ ಕೊನೇ ಸಾಲಿನವರೆಗೂ ಓದುವ ತನಕ ಪೆನ್ನು ಮುಟ್ಟಬೇಡ. ನನ್ನಾಣೆ.

ಏಪ್ರಿಲ್‌ನಲ್ಲಿ ನಾನು ಮಾಡಿಕೊಂಡ ಭಾನಗಡಿ ನಿನಗೆ ಅರ್ಧ ಮಾತ್ರ ಗೊತ್ತು. ಜೊವಿಲಿನ್ ಹತ್ತನೇ ಕ್ಲಾಸು ಮುಗಿಸಿದಳು ಅನ್ನುವ ಖುಷಿಗೆ ನಾನು ಪೇಟೆಗೆ ಹೋಗಿ ನಮ್ಮ ಬಾಗಿಲಿಗಿಂತ ದೊಡ್ಡ ಫ್ಲೆಕ್ಸ್ ಮಾಡಿಸಿದೆ. 'ಶಾಲೆ ಮುಗಿಸಿದ ನಮ್ಮ ಹೆಮ್ಮೆಯ ಜೊವಿಲಿನ್‌ಗೆ ಅಭಿನಂದನೆಗಳು' ಅಂತ ಅಕ್ಷರ, ನಡುವೆ ಕರಿ ಗೌನು, ಚಪ್ಪಟೆ ಟೋಪಿ ಹಾಕಿದ ಅವಳ ಫೋಟೋ. ಮುಖ ಅವಳದು, ಗೌನು ಮತ್ತು ಕೈ ಮಾತ್ರ ಆ ಸ್ಟುಡಿಯೋದವನು ಬೇರೆ ಯಾವುದೋ ಬೆಳ್ಳಗಿನ ಹುಡುಗಿಯದು ತಂದು ಅಂಟಿಸಿದ್ದ. ನಮ್ಮಲ್ಲಿ ಯಾರ ಮನೆ ಮಗು ಶಾಲೆ ಮುಗಿಸಿದರೂ ಫ್ಲೆಕ್ಸ್ ಕಟ್ಟಬೇಕು ತಾನೆ, ನಾನೂ ಕಟ್ಟಿದೆ. ಹಂದಿ ಸುಟ್ಟೆವು, ನಿಮ್ಮಮ್ಮ ದೊಡ್ಡ ಬಾಣಲೆಯಲ್ಲಿ ಪಾನ್ಸಿತ್ ಶಾವಿಗೆ ಬೇಯಿಸಿದರು, ಊರಿಗೂರೇ ಬಂತು. ಕೊನೆಗೆ ಬಂದವರು ನಮ್ಮಿಬ್ಬರಿಗೂ ಪಾಠ ಹೇಳಿದ ಕರಿದಾದ್ ಮೇಡಂ. ಈಗ ಅವರೇ ಶಾಲೆಯ ಮುಖ್ಯಸ್ಥರು ಅಲ್ಲವಾ, ಫ್ಲೆಕ್ಸ್ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡು, "ಶಾಲೆ ಎಲ್ಲಿ ಮುಗೀತೋ ಫೆರ್ಮಿನ್? ಹತ್ತು ಮುಗೀತು. ಇನ್ನೂ ಹನ್ನೊಂದು, ಹನ್ನೆರಡು ಬಾಕಿ ಇದೆಯಲ್ಲ. ಇದು ನಡುದಾರಿ ಕಣೋ" ಅಂದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಹಂದಿ ಮಾತ್ರ ಒಂದು ಚೂರೂ ಉಳಿಯಲಿಲ್ಲ ಅನ್ನು.

ಆ ಹನ್ನೊಂದು, ಹನ್ನೆರಡರ ಮೇಲೆ ನನಗೆಷ್ಟು ಸಿಟ್ಟಿತ್ತು ಅಂತ ನಿನಗೆ ಗೊತ್ತು. ನಮ್ಮ ಕಾಲಕ್ಕೆ ಆರು ಮತ್ತು ನಾಲ್ಕು, ಹತ್ತೇ ವರ್ಷ. ಈಗ ಇಡೀ ದೇಶಕ್ಕೆ ಎರಡು ವರ್ಷ ಜಾಸ್ತಿ ಮಾಡಿದರು, ಅದೂ ಸರಿಯಾಗಿ ನಮ್ಮ ಮಗಳ ಕಾಲಕ್ಕೇ! ಅವಳ ಶಾಲೆ ಮುಗಿಯುತ್ತಲೇ ಬಂದುಬಿಡುತ್ತೇನೆ ಅಂದಿದ್ದವಳು ನೀನು. ಅವಳಿಗೆ ಎರಡು ವರ್ಷ ಹೆಚ್ಚಾದರೆ ನನಗೂ ಎರಡು ವರ್ಷ ನೀನಿಲ್ಲದ ಮನೆ ಹೆಚ್ಚಾಯಿತಲ್ಲ. ಅದರ ಮೇಲೆ ನಮ್ಮ ದ್ವೀಪದಲ್ಲಿ ಹನ್ನೊಂದನೇ ಕ್ಲಾಸು ತೆರೆಯುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಪೇಟೆಗೆ ಕಳಿಸೋಣ ಅಂದರೆ ಜೂನ್ ಕಳೆದ ಮೇಲೆ ಗಾಳಿ ಎದ್ದು ವಾರಗಟ್ಟಲೆ ದೋಣಿ ಬಿಡುವ ಹಾಗಿಲ್ಲ. ನನ್ನದೇ ದೋಣಿ, ನನಗೆ ಗೊತ್ತಿಲ್ಲವಾ? ಅಲ್ಲೇ ಒಬ್ಬಳೇ ಇರಲಿ ಅಂದರೆ ನೀನು ಫೋನಿನಲ್ಲಿ ಅತ್ತೆ. "ಒಬ್ಬಳನ್ನೇ ಬಿಡಬೇಡ, ಬೇಕಾದರೆ ಓದು ನಿಲ್ಲಲಿ. ವಯಸ್ಸಾಗಲಿ, ಇಲ್ಲಿಗೇ ಕರೆಸಿಕೊಳ್ತೀನಿ" ಅಂದೆ. ಆ ಮಾತು ಕೇಳಿ ನನಗೆ ಎರಡು ದಿನ ಅನ್ನ ಸೇರಲಿಲ್ಲ. ಟೀಚರಾಗಿ ಬೋರ್ಡಿನ ಮೇಲೆ ಬರೆಯಬೇಕಾದ ನಿನ್ನ ಕೈ ಈಗ ಪರದೇಶದ ಮುದುಕಿಯ ಬೆನ್ನು ಉಜ್ಜುತ್ತಿದೆ. ಅದರ ಪಕ್ಕದಲ್ಲೇ ನಮ್ಮ ಮಗಳ ಕೈಯೂ ಇರಬೇಕಾ?

ಮೇ ಕೊನೆಯಲ್ಲಿ ಕರಿದಾದ್ ಮೇಡಂ ಎಲ್ಲರನ್ನೂ ಶಾಲೆಗೆ ಕರೆದರು. ಇಲ್ಲಿಯೇ ಹನ್ನೊಂದನೇ ಕ್ಲಾಸು ತೆರೆಯಬಹುದು, ಕೋಣೆ ತಯಾರಾಗಿದೆ, ಆದರೆ ಮೂವತ್ತು ಹೆಸರು ಬೇಕು, ಶುಕ್ರವಾರ ಮಧ್ಯಾಹ್ನದ ದೋಣಿಗೆ ಪಟ್ಟಿ ಹೋಗಬೇಕು ಅಂದರು. ಆವತ್ತು ಇದ್ದದ್ದು ಹದಿನೇಳು! ನಾನು ಎದ್ದು ನಿಂತು, ಈ ಎರಡು ವರ್ಷ ಯಾಕೆ ಬೇಕಿತ್ತು ಮೇಡಂ, ನಾವೆಲ್ಲ ಹತ್ತರಲ್ಲೇ ಬದುಕಿಲ್ಲವಾ ಅಂತ ಕೇಳಿಯೇಬಿಟ್ಟೆ. ಅವರು ಕೋಪ ಮಾಡಿಕೊಳ್ಳಲಿಲ್ಲ. "ಹದಿನಾರಕ್ಕೆ ಪಾಸಾಗಿ ಸರ್ಟಿಫಿಕೇಟ್ ಹಿಡ್ಕೊಂಡು ಹಡಗುಕಟ್ಟೆಗೆ ಕೆಲಸ ಕೇಳೋಕೆ ಹೋದೆಯಲ್ಲ, ಅವರೇನಂದ್ರು ಹೇಳು" ಅಂದರು. ಅಷ್ಟು ಜನರ ಮುಂದೆ ಹೇಳಬೇಕಾಯಿತು. 'ಹದಿನೆಂಟಾದ ಮೇಲೆ ಬಾ ಮರಿ' ಅಂತ ಕಾವಲಿನವನು ಗೇಟಿನಲ್ಲೇ ವಾಪಸ್ ಕಳಿಸಿದ್ದ. ಹದಿನೆಂಟಾಗುವಷ್ಟರಲ್ಲಿ ದೋಣಿಯ ಹಗ್ಗ ಕೈಗೆ ಬಂದಿತ್ತು, ಆಮೇಲೆ ಬಿಡಲಾಗಲಿಲ್ಲ. "ಮತ್ತೆ ನಿನ್ನ ಹೆಂಡತಿ? ಕಾಲೇಜಿಗೂ ಹೋಗಿ ಟೀಚರ್ ಆದಳು. ಹಾಂಗ್‌ಕಾಂಗ್‌ನಲ್ಲಿ ಟೀಚರ್ ಕೆಲಸ ಕೇಳಿದಾಗ ಅಲ್ಲಿಯವರು ಅವಳ ಕಾಗದ ನೋಡಿ, ನಿಮ್ಮ ದೇಶದ ಶಾಲೆ ಎರಡು ವರ್ಷ ಕಮ್ಮಿ ಅನ್ನಲಿಲ್ವಾ? ಆ ಎರಡು ವರ್ಷವೇ ಕಣೋ ಇದು" ಅಂದರು. ನಾನು ಕೂತುಬಿಟ್ಟೆ. ನನ್ನ ನಲವತ್ತು ವರ್ಷದಲ್ಲಿ ಯಾರೂ ನನಗೆ ಇದನ್ನು ಹೀಗೆ ಬಿಡಿಸಿ ಹೇಳಿರಲಿಲ್ಲ.

ಮನೆಗೆ ಬಂದವನೇ ಮಾಡಿನ ಮೇಲೆ ಸೋರುವ ಜಾಗಕ್ಕೆ ಹೊದಿಸಿದ್ದ ಆ ಫ್ಲೆಕ್ಸನ್ನು ಕೆಳಗಿಳಿಸಿದೆ. ಅದರ ಬೆನ್ನು ಅಚ್ಚ ಬಿಳಿ! ತಿರುಗಿಸಿ, ದೋಣಿ ನಿಲ್ಲುವ ಧಕ್ಕೆಯ ತೆಂಗಿನ ಮರಗಳ ನಡುವೆ ಕಟ್ಟಿ, ದೋಣಿಗೆ ಬಳಿಯುವ ನೀಲಿ ಬಣ್ಣದಲ್ಲಿ 'ಹನ್ನೊಂದನೇ ಕ್ಲಾಸು' ಅಂತ ಬರೆದು ಒಂದರಿಂದ ಮೂವತ್ತರವರೆಗೆ ಅಂಕಿ ಹಾಕಿದೆ. ಒಂದನೇ ಹೆಸರು ಜೊವಿಲಿನ್‌ದು. ನಮ್ಮ ಜನ ಹೇಗೆ ಅಂತ ಗೊತ್ತಲ್ಲ, ಮನೆಗೆ ಹೋಗಿ ಕೇಳಿದರೆ ಹೂಂ ಅಂತಾರೆ, ಬೆಳಗಾದರೆ ಮರೆತೇಬಿಡುತ್ತಾರೆ. ಆದರೆ ಧಕ್ಕೆಯಲ್ಲಿ ಎಲ್ಲರ ಕಣ್ಣಿಗೂ ಕಾಣುವ ಹಾಗೆ ಹೆಸರು ಬಿದ್ದರೆ ಮುಗಿಯಿತು, ಅಳಿಸಿ ಅನ್ನುವುದಕ್ಕೆ ನಾಚಿಕೆ. ಪಕ್ಕದ ಮನೆಯವರ ಹೆಸರು ಇದೆ, ನಮ್ಮದಿಲ್ಲ ಅನ್ನುವುದು ಇನ್ನೂ ದೊಡ್ಡ ನಾಚಿಕೆ! ನಾನು, ಜೊವಿಲಿನ್, ನಿಮ್ಮಮ್ಮ, ಮೂವರೂ ಬಣ್ಣದ ಡಬ್ಬಿ ಹಿಡಿದು ಮನೆ ಮನೆ ಸುತ್ತಿದೆವು. ಬುಧವಾರ ಸಂಜೆಗೆ ಇಪ್ಪತ್ತೇಳು.

ಎಲ್ಯುತೇರಿಯೊ ಅಣ್ಣ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅವನ ಅವಳಿ ಹುಡುಗಿಯರು ಸೇರಿದರೆ ಒಂದೇ ಏಟಿಗೆ ಎರಡು ಹೆಸರು. "ಹತ್ತು ವರ್ಷ ಬೆಂಚು ಸವೆಸಿದ್ದು ಸಾಲಲಿಲ್ಲ ಅಂತ ಇನ್ನೆರಡು ವರ್ಷಾನಾ? ಬಲೆಗೆ ಬೀಳೋ ಮೀನು ನೀನು ಎಷ್ಟನೇ ಕ್ಲಾಸು ಅಂತ ಕೇಳುತ್ತೇನೋ ಫೆರ್ಮಿನ್?" ಅಂತ ನನ್ನನ್ನೇ ಗೇಲಿ ಮಾಡಿದ. ಅದಕ್ಕೆ ಉತ್ತರ ಕೊಟ್ಟದ್ದು ನಿಮ್ಮಮ್ಮ. ಗುರುವಾರ ಬೆಳಿಗ್ಗೆ ಅವನು ಬಲೆ ಹೊತ್ತು ದಡಕ್ಕೆ ಬಂದರೆ, ಅವನ ದೋಣಿಯಲ್ಲಿ ಕಾಲು ಚಾಚಿ ಕೂತಿದ್ದಾರೆ ನಿಮ್ಮಮ್ಮ! ಬಾಯಲ್ಲಿ ಸಿಗರೇಟು, ಮಡಿಲಲ್ಲಿ ಬಣ್ಣದ ಡಬ್ಬಿ. "ನನ್ನ ಎತ್ತಿ ಹಾಕೋ ಎಲ್ಯುತೇರಿಯೊ, ಧೈರ್ಯ ಇದ್ದರೆ. ನಿನ್ನ ತಾಯಿಗೆ ಹೆರಿಗೆ ಮಾಡಿಸಿದವಳು ನಾನು. ಹೊರಗೆ ಬರೋಕೆ ಆವತ್ತೂ ಹೀಗೇ ಹಟ ಮಾಡಿದ್ದೆ" ಅಂದರಂತೆ. ಸಮುದ್ರದ ಇಳಿತ ಶುರುವಾಯಿತು, ಮಿಕ್ಕ ದೋಣಿಗಳೆಲ್ಲ ಹೊರಟವು, ಇವರು ಕದಲಲಿಲ್ಲ. ನೀರು ದೋಣಿ ಬಿಟ್ಟು ಮೊಳದಷ್ಟು ಹಿಂದೆ ಹೋದ ಮೇಲೆ ಅವನು ತಲೆ ಚಚ್ಚಿಕೊಂಡು, "ಬರಕೋ ಅಮ್ಮಾ, ಎರಡನ್ನೂ ಬರಕೋ, ನನ್ನ ದೋಣಿ ಬಿಡು" ಅಂದ. ಅವಳಿಗಳು ಮನೆ ಹಿಂದಿನಿಂದ ಕಿರುಚಿಕೊಂಡು ಓಡಿಬಂದರು ನೋಡು, ಆ ಕಿರುಚಾಟ ನಮ್ಮ ಮನೆವರೆಗೂ ಕೇಳಿಸಿತು.

ಇಪ್ಪತ್ತೊಂಬತ್ತು. ನಿನ್ನೆ ಶುಕ್ರವಾರ. ಎಲ್ಲ ಮನೆ ಮುಗಿದಿದೆ, ಇನ್ನೊಂದು ಹೆಸರಿಗೆ ಇಡೀ ದ್ವೀಪದಲ್ಲಿ ಮಗು ಇಲ್ಲ. ದೋಣಿಯ ಹೊತ್ತಾಯಿತು, ಪಟ್ಟಿಯನ್ನು ಪೇಟೆಗೆ ಮುಟ್ಟಿಸಬೇಕಾದವನೂ ನಾನೇ. ಮೇಡಂ ಪಟ್ಟಿಯ ಕಾಗದ ಹಿಡಿದು ಫ್ಲೆಕ್ಸಿನ ಕೆಳಗೆ ನಿಂತಿದ್ದಾರೆ, ಊರೆಲ್ಲ ಸುತ್ತ ನಿಂತಿದೆ. ಒಂದು ಹೆಸರಿಗಾಗಿ ಕ್ಲಾಸು ಹೋಯಿತಲ್ಲ ಅಂತ ನನಗೆ ಅಳುವೇ ಬಂತು. ಆಗ ಮೇಡಂ ಯಾರನ್ನೂ ನೋಡದೆ, ಹಳೇ ಪದ್ಧತಿಯಲ್ಲಿ ಹತ್ತು ಮುಗಿಸಿದವರೂ ಸೇರಬಹುದು, ವಯಸ್ಸಿನ ಅಡ್ಡಿ ಇಲ್ಲ ಅಂದರು. ನಾನು ಹಿಂದೆ ಮುಂದೆ ನೋಡುತ್ತಿದ್ದೇನೆ, ಯಾರಪ್ಪಾ ಅಂಥವರು ಅಂತ! ಜೊವಿಲಿನ್ ನನ್ನ ಕೈಯಿಂದ ಕುಂಚ ಕಿತ್ತುಕೊಂಡು ಸೀದಾ ಹೋಗಿ ಮೂವತ್ತರ ಮುಂದೆ ಬರೆದಳು: ಫೆರ್ಮಿನ್ ಸಲುದಾರೆಸ್. ಪೆರ್ಲಿತಾ, ನನ್ನ ಹೆಸರು! ಜನ ಹೋ ಅಂದರು. ಎಲ್ಯುತೇರಿಯೊ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ನಾನು ಬೇಡ ಬೇಡ ಅಂತ ಬಾಯಿ ತೆರೆದೆ, ಅಷ್ಟರಲ್ಲಿ ಅವಳು, "ಅಪ್ಪಾ, ಗೇಟಿನಲ್ಲಿ ನಿನ್ನನ್ನ ವಾಪಸ್ ಕಳಿಸಿದ್ರು ಅಂತ ಮೊನ್ನೆ ಹೇಳಿದೆಯಲ್ಲ, ಇಲ್ಲಿ ಗೇಟೇ ಇಲ್ಲ, ಬಾ" ಅಂದಳು. ಧಕ್ಕೆಯಲ್ಲಿ, ಎಲ್ಲರ ಮುಂದೆ ಬಿದ್ದ ಹೆಸರು. ಅಳಿಸುವುದಾದರೂ ಹೇಗೆ? ಸಣ್ಣ ಹುಡುಗನ ಹಾಗೆ ಅತ್ತೆ, ನಕ್ಕೆ, ಎರಡೂ ಒಟ್ಟಿಗೆ. ಆಮೇಲೆ ಪಟ್ಟಿಯ ಸಮೇತ ಮೇಡಂ ಅವರನ್ನು ಕೂರಿಸಿಕೊಂಡು ಪೇಟೆಗೆ ದೋಣಿ ಬಿಟ್ಟೆ ನೋಡು, ಇಂಜಿನ್ನೇ ಹಾಡುತ್ತಿತ್ತು. ಪಟ್ಟಿ ತೆಗೆದುಕೊಂಡರು, ಮುದ್ರೆ ಒತ್ತಿದರು. ಹದಿಮೂರನೇ ತಾರೀಖು ಸೋಮವಾರ ಕ್ಲಾಸು ಶುರು!

ನಾನು ಕರೆಂಟಿನ ಕೆಲಸ ಕಲಿಸುವ ವಿಭಾಗ ಸೇರಿದ್ದೇನೆ, ಜೊವಿಲಿನ್ ಕಾಲೇಜಿಗೆ ಹೋಗುವವರ ವಿಭಾಗ. ಭಾಷೆ, ಲೆಕ್ಕ ಎಲ್ಲರಿಗೂ ಒಟ್ಟಿಗೇ ಒಂದೇ ಕೋಣೆಯಲ್ಲಿ. ದೋಣಿ ಬೆಳಿಗ್ಗೆ ಶಾಲೆಗೆ ಮುಂಚೆ ಒಂದು ಸಲ, ಸಂಜೆ ಒಂದು ಸಲ, ಅದಕ್ಕೂ ಊರವರು ಒಪ್ಪಿದ್ದಾರೆ. ನಿಮ್ಮಮ್ಮ ನನ್ನ ಬಿಳಿ ಅಂಗಿ ಹೊಲಿಯಲು ಹೊಟ್ಟೆಯ ಅಳತೆ ತೆಗೆದು, ಶಾಲೆಗೆ ಹೋಗುವ ಮಗುವಿಗೆ ಇಷ್ಟು ಬಟ್ಟೆಯಾ ಅಂತ ರೇಗಿಸುತ್ತಿದ್ದಾರೆ. ಎಲ್ಲಕ್ಕಿಂತ ಕಷ್ಟ ಏನು ಗೊತ್ತಾ? ನಾವು ಓದುವಾಗ ನೀನು ನನ್ನ ಮುಂದಿನ ಬೆಂಚಿನಲ್ಲಿ ಕೂತು ಪುಸ್ತಕ ಸ್ವಲ್ಪ ವಾರೆ ಮಾಡುತ್ತಿದ್ದೆ, ನಾನು ನೋಡಿ ಬರೆಯುತ್ತಿದ್ದೆ. ನಿನ್ನ ಮಗಳು ಈಗಲೇ ಹೇಳಿಬಿಟ್ಟಿದ್ದಾಳೆ, ತಾನು ಕೈ ಅಡ್ಡ ಇಟ್ಟುಕೊಂಡೇ ಬರೆಯುತ್ತಾಳಂತೆ.

ಇಲ್ಲಿನ ಎಲ್ಲರೂ ನಿನ್ನನ್ನು ಕೇಳಿದರು. ನಿಮ್ಮಮ್ಮ ಮುತ್ತು ಕಳಿಸಿದ್ದಾರೆ, ಸಿಗರೇಟಿನ ವಾಸನೆ ಸಮೇತ. ಚರ್ಚಿನಲ್ಲಿ ನಿನ್ನ ಹೆಸರಿನಲ್ಲಿ ಮೇಣದಬತ್ತಿ ಹಚ್ಚಿ ಬಂದಿದ್ದೇನೆ, ಕನ್ಯಾಮಾತೆ ನಿನ್ನ ಕೈನೋವನ್ನೂ ಒಂಟಿತನವನ್ನೂ ಬೇಗ ತೆಗೆಯಲಿ.

ನಿನ್ನವನೇ ಆದ,
ಫೆರ್ಮಿನ್
(ಹನ್ನೊಂದನೇ ಕ್ಲಾಸು)

ಮರೆತ ಮಾತು: ಕೊಂಚಾ ಧಕ್ಕೆಯಲ್ಲಿ ನಿಂತು ಕೂಗುತ್ತಿದ್ದಾಳೆ, ಬೇಗ ಬೇಗ ಬರೆಯುತ್ತೇನೆ. ಮರೆತದ್ದೂ ಅಲ್ಲ, ಹೇಳಲು ಹೆದರಿ ಕೊನೆಗೆ ಇಟ್ಟೆ. ನಿನ್ನೆ ಪೇಟೆಯಿಂದ ವಾಪಸ್ ಬರುವಾಗ ದೋಣಿಯಲ್ಲಿ ಮೇಡಂ ಅಂದರು, ಹೊಸ ಕ್ಲಾಸಿಗೆ ಭಾಷೆ ಕಲಿಸುವವರು ಇಲ್ಲ, ಕೆಲಸ ಖಾಲಿ ಇದೆ, ಈ ದ್ವೀಪಕ್ಕೆ ಹೊರಗಿನವರು ಯಾರೂ ಬರುವುದಿಲ್ಲ, ಪೆರ್ಲಿತಾಗೆ ಕೇಳು ಅಂತ. ಕೇಳಿದರೆ ನೀನು ಯೋಚನೆ ಮಾಡುತ್ತೀಯ, ಯೋಚನೆ ಮಾಡಿದರೆ ಬರುವುದಿಲ್ಲ. ಅದಕ್ಕೆ ನಿನ್ನ ಪೆಟ್ಟಿಗೆ ತೆಗೆದು ಟೀಚರ್ ಪರೀಕ್ಷೆಯ ಕಾಗದವೆಲ್ಲ ಅವರ ಕೈಗೆ ಕೊಟ್ಟುಬಿಟ್ಟೆ. ಬೈಯಬೇಡ. ಬೈಯುವುದಾದರೆ ಇಲ್ಲಿ ಬಂದು ಬೈ. ಆಗಸ್ಟಿಗೆ ನಿನ್ನ ಒಪ್ಪಂದ ಮುಗಿಯುವ ತನಕ ಮೇಡಂ ತಾವೇ ಪಾಠ ಮಾಡುತ್ತಾರಂತೆ. ನಾನು ಬೈದೆನಲ್ಲ, ಆ ಎರಡು ವರ್ಷವೇ ನಿನ್ನನ್ನು ಮನೆಗೆ ಕರೆಯುತ್ತಿದೆ. ಸಹಿ ಹಾಕಬೇಡ ಪೆರ್ಲಿತಾ. ಗಂಡ ಅಂತ ನೋಡಬೇಡ, ತಪ್ಪು ಬರೆದರೆ ಮಿಕ್ಕ ಇಪ್ಪತ್ತೊಂಬತ್ತು ಜನರ ಮುಂದೆ ಬೆಂಚಿನ ಮೇಲೆ ನಿಲ್ಲಿಸು, ನಿಲ್ಲುತ್ತೇನೆ. ಬಾ.